ಗೆಳೆಯರ ಜೊತೆ ಸುಮ್ನೆ ಕೂರುವ ಹೊತ್ತು: ಕ್ರೈಸ್ತ ಬದುಕಿನಲ್ಲಿ ಅದಕ್ಕೆ ಯಾಕೆ ಅಷ್ಟು ಬೆಲೆ?

2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ಅಧಿಕಾರಿ ಆಗಿದ್ದ ವಿವೇಕ್ ಮೂರ್ತಿ ದೇಶಕ್ಕೆ ಒಂದು ಎಚ್ಚರಿಕೆ ಕೊಟ್ಟರು. ಇವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಎಚ್ಚರಿಕೆಯ ವಿಷಯ ಒಂಟಿತನ. ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟ್ ಸೇದುವಷ್ಟೇ ಅಪಾಯ ತರಬಹುದು ಎಂದು ಅದರಲ್ಲಿತ್ತು. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೂ ಬಂತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ಅದು ಹೇಳಿತು.

ಚರ್ಚಿಗೆ ಹೋಗುವವರಿಗೆ ಈ ತೊಂದರೆ ಇರಬಾರದು ಅಲ್ವಾ? ವಾರಕ್ಕೊಮ್ಮೆ ನೂರಾರು ಜನರ ನಡುವೆ ಕೂರುತ್ತಾರೆ, ಒಟ್ಟಿಗೆ ಹಾಡುತ್ತಾರೆ, ಕೈಕುಲುಕುತ್ತಾರೆ. ಆದರೂ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರಿಗೆ ಪಕ್ಕದವರ ಮನೆಯ ಕಷ್ಟ ಗೊತ್ತಿರುವುದಿಲ್ಲ. ಇದು ಯಾರೋ ಒಬ್ಬರ ತಪ್ಪಲ್ಲ. ಸೇರುವುದಕ್ಕೆ ನಮ್ಮಲ್ಲಿ ಬೇಕಾದಷ್ಟು ಏರ್ಪಾಡು ಇದೆ, ಗೆಳೆತನಕ್ಕೆ ಹೊತ್ತು ಇಲ್ಲ. ಕ್ರೈಸ್ತ ನಂಬಿಕೆ ಈ ಹೊತ್ತನ್ನು ಹೇಗೆ ನೋಡುತ್ತದೆ, ಯಾಕೆ ಅದಕ್ಕೆ ಇಷ್ಟು ಬೆಲೆ ಕೊಡುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಯಾವ ಹೊತ್ತಿನ ಬಗ್ಗೆ ಮಾತು?

ಆರಾಧನೆ, ಪ್ರಾರ್ಥನಾ ಕೂಟ, ಸ್ತ್ರೀಯರ ಕೂಟ, ಯುವಜನರ ಕೂಟ, ಗಾಯನ ತಂಡದ ಅಭ್ಯಾಸ. ಇವೆಲ್ಲಕ್ಕೂ ಶುರುವಾಗುವ ಸಮಯ ಇದೆ, ಮುಗಿಯುವ ಸಮಯ ಇದೆ, ನಡೆಸುವವರು ಒಬ್ಬರು ಇದ್ದಾರೆ. ಇವು ಬೇಕೇ ಬೇಕು. ಆದರೆ ಇಲ್ಲಿ ಹೇಳುತ್ತಿರುವುದು ಬೇರೆ ತರಹದ ಹೊತ್ತು. ಇಬ್ಬರೋ ಮೂವರೋ ನಾಲ್ವರೋ ಕೂತಿರುತ್ತಾರೆ. ಮುಗಿಸಬೇಕಾದ ಕೆಲಸ ಇರುವುದಿಲ್ಲ. ಮಾತು ಮಗಳ ಪರೀಕ್ಷೆಯಿಂದ ಶುರುವಾಗಿ ಮಳೆಗೆ ಹೋಗಿ, ಅಲ್ಲಿಂದ ಯಾವುದೋ ಹಳೆಯ ನೋವಿಗೆ ಬರುತ್ತದೆ. ನಡುವೆ ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೂ ಯಾರಿಗೂ ಮುಜುಗರವಾಗುವುದಿಲ್ಲ.

ಇದನ್ನು ಕಾಲಹರಣ ಎಂದು ಕರೆಯುವ ಅಭ್ಯಾಸ ಭಕ್ತರ ಮನೆಗಳಲ್ಲಿ ಜಾಸ್ತಿ. ಆ ಹೊತ್ತಿನಲ್ಲಿ ಎರಡು ಅಧ್ಯಾಯ ಓದಬಹುದಿತ್ತು, ಸೇವೆಗೆ ಹೋಗಬಹುದಿತ್ತು ಎಂದು ಮನಸ್ಸು ಚುಚ್ಚುತ್ತದೆ. ಸುವಾರ್ತೆಗಳನ್ನು ತೆರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಯೇಸು ತಮ್ಮ ಹೊತ್ತನ್ನು ಯಾರ ಜೊತೆ ಕಳೆದರು?

ಮಾರ್ಕನ ಸುವಾರ್ತೆ 3:14ರಲ್ಲಿ ಯೇಸು ಹನ್ನೆರಡು ಮಂದಿಯನ್ನು ಆರಿಸಿಕೊಂಡ ಕಾರಣ ಇದೆ. ಸಾರುವುದಕ್ಕೆ ಕಳುಹಿಸಬೇಕು ಎಂಬುದು ಅಲ್ಲಿದೆ, ದೆವ್ವಗಳನ್ನು ಬಿಡಿಸುವ ಅಧಿಕಾರವೂ ಇದೆ. ಆದರೆ ಅವೆರಡಕ್ಕಿಂತ ಮೊದಲು ಬರುವ ಕಾರಣ, ಅವರು ತಮ್ಮ ಜೊತೆ ಇರಬೇಕು ಎಂಬುದು. ಜೊತೆಯಲ್ಲಿರುವುದು ಮೊದಲು, ಕೆಲಸ ಆಮೇಲೆ. ಈ ಲೇಖನದ ಅರ್ಧ ತಿರುಳು ಈ ಒಂದು ವಚನದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಅವರು ಓಡಾಡುತ್ತಿದ್ದದ್ದು ಕಾಲ್ನಡಿಗೆಯಲ್ಲಿ. ಗಲಿಲಾಯದಿಂದ ಯೆರೂಸಲೇಮಿಗೆ 100 ಕಿಲೋಮೀಟರಿಗೂ ಜಾಸ್ತಿ ದೂರ. ದಿನಗಟ್ಟಲೆ ನಡೆಯಬೇಕು. ಸುವಾರ್ತೆಗಳಲ್ಲಿ ಬರೆದಿರುವ ಬೋಧನೆಯನ್ನೆಲ್ಲ ಜೋರಾಗಿ ಓದಿದರೂ ಕೆಲವೇ ಗಂಟೆ ಆಗುತ್ತದೆ. ಉಳಿದ ಹೊತ್ತೆಲ್ಲ ದಾರಿಯಲ್ಲಿ, ದೋಣಿಯಲ್ಲಿ, ಯಾರದೋ ಮನೆಯ ಊಟದಲ್ಲಿ ಕಳೆದದ್ದು. ಅವರ ಊಟದ ಬಗ್ಗೆ ಆಗಲೇ ದೂರು ಕೇಳಿಬಂದಿತ್ತು. ಹೊಟ್ಟೆಬಾಕ, ಕುಡುಕ, ಸುಂಕದವರ ಗೆಳೆಯ ಎಂದು ಜನ ಆಡಿಕೊಂಡದ್ದನ್ನು ಮತ್ತಾಯ 11:19ರಲ್ಲಿ ಯೇಸು ತಾವೇ ಹೇಳುತ್ತಾರೆ. ಊಟಕ್ಕೆ ಕೂರುವುದನ್ನು ಮಾತ್ರ ಬಿಡಲಿಲ್ಲ.

ಇನ್ನೂ ಆಶ್ಚರ್ಯ ತರುವುದು ಅವರ ಕೊನೆಯ ವಾರ. ಹಗಲು ದೇವಾಲಯದಲ್ಲಿ ಬೋಧನೆ, ವಾದ, ಸುತ್ತಲೂ ವಿರೋಧ. ಎದುರಿಗೆ ಶಿಲುಬೆ. ಅಂಥ ವಾರದಲ್ಲೂ ಸಂಜೆಯಾದಾಗ ಅವರು ಊರಿಂದ ಆಚೆ ಬೇಥಾನ್ಯಕ್ಕೆ ಹೋಗಿ ತಂಗುತ್ತಿದ್ದರು ಎಂದು ಮತ್ತಾಯ, ಮಾರ್ಕ ಇಬ್ಬರೂ ಬರೆಯುತ್ತಾರೆ. ಬೇಥಾನ್ಯ ಯೆರೂಸಲೇಮಿಗೆ ಸುಮಾರು 3 ಕಿಲೋಮೀಟರ್. ಅವರ ಗೆಳೆಯರಾದ ಮಾರ್ಥ, ಮರಿಯ, ಲಾಜರ ಇದ್ದ ಊರು ಅದೇ. ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೇಮನೆಯಲ್ಲಿ ಮೂವರನ್ನು ಹತ್ತಿರ ಕರೆದು, ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಕೇಳಿಕೊಂಡರು. ಮೊದಲು ಅವರಿಂದ ಕೇಳಿದ್ದು ಅಷ್ಟೇ. ಅವರು ನಿದ್ದೆಹೋದರು, ಆ ಮಾತು ಬೇರೆ.

ಅದೇ ರಾತ್ರಿ ಊಟದಲ್ಲಿ ಆಡಿದ ಮಾತು ಯೋಹಾನ 15:15ರಲ್ಲಿದೆ. ಇನ್ನು ಮೇಲೆ ನಿಮ್ಮನ್ನು ಆಳುಗಳೆಂದು ಕರೆಯುವುದಿಲ್ಲ, ಗೆಳೆಯರೆಂದು ಕರೆದಿದ್ದೇನೆ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ಯಜಮಾನ ಏನು ಮಾಡುತ್ತಾನೆ ಎಂಬುದು ಆಳಿಗೆ ತಿಳಿಯದು, ನಾನಾದರೋ ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ತಿಳಿಸಿದ್ದೇನೆ. ಆಳಿಗೆ ಅಪ್ಪಣೆ ಸಾಕು, ಗೆಳೆಯನಿಗೆ ಮನಸ್ಸು ಬಿಚ್ಚಿಡಬೇಕು. ಮನಸ್ಸು ಬಿಚ್ಚಿಡಲು ಹೊತ್ತು ಬೇಕು.

ಅವಸರದಲ್ಲಿ ಯಾಕೆ ಆಗುವುದಿಲ್ಲ?

ನಂಬಿಕೆ ಬೆಳೆಯುವುದಕ್ಕೆ ಗೆಳೆಯರು ಏನು ಮಾಡಬೇಕು ಎಂದು ಹೊಸ ಒಡಂಬಡಿಕೆ ಹೇಳುತ್ತದೋ ಅವೆಲ್ಲ ಕಷ್ಟದ ಕೆಲಸಗಳು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಎನ್ನುತ್ತಾನೆ ಯಾಕೋಬ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎನ್ನುತ್ತಾನೆ ಪೌಲ. ಗೆಳೆಯ ಮಾಡುವ ಗಾಯ ನಂಬತಕ್ಕದ್ದು ಎಂದು ಜ್ಞಾನೋಕ್ತಿಗಳಲ್ಲಿದೆ. ಅಂದರೆ ತಪ್ಪು ಮಾಡಿದಾಗ ಮುಖಕ್ಕೆ ಹೇಳುವ ಗೆಳೆಯ.

ಈಗ ಯೋಚಿಸಿ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಸಿಕ್ಕವರಿಗೆ ‘ನನಗೆ ಕುಡಿತ ಬಿಡಲು ಆಗುತ್ತಿಲ್ಲ’ ಎಂದು ಹೇಳುವುದು ಸಾಧ್ಯವೇ? ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೇವೆ, ದೇವರ ಕೃಪೆ ಎನ್ನುತ್ತೇವೆ. ಅದು ಸುಳ್ಳಲ್ಲ. ಅಷ್ಟು ಹೊತ್ತಿನಲ್ಲಿ ಅಷ್ಟೇ ಹಿಡಿಯುತ್ತದೆ.

ಹಾಲಿಗೆ ಹೆಪ್ಪು ಹಾಕುವುದು ಎಲ್ಲರಿಗೂ ಗೊತ್ತು. ಹಾಕಿ ಮುಚ್ಚಿಟ್ಟು ಬಿಡಬೇಕು. ಆಯಿತೋ ಇಲ್ಲವೋ ಎಂದು ಪದೇ ಪದೇ ಅಲ್ಲಾಡಿಸಿದರೆ ಮೊಸರು ಗಟ್ಟಿಯಾಗುವುದಿಲ್ಲ. ಇಬ್ಬರ ನಡುವಿನ ವಿಶ್ವಾಸವೂ ಹಾಗೆಯೇ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಲೆಕ್ಕವೂ ಇದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯರು ಎನ್ನಿಸಿಕೊಳ್ಳಲು ಸುಮಾರು 90 ಗಂಟೆ. ತೀರ ಆಪ್ತರಾಗಲು 200 ಗಂಟೆಗೂ ಜಾಸ್ತಿ. ಒಟ್ಟಿಗೆ ಕೆಲಸ ಮಾಡಿದ ಹೊತ್ತಿಗಿಂತ, ಸುಮ್ನೆ ಜೊತೆಯಲ್ಲಿ ಕೂತು ಹರಟಿದ ಹೊತ್ತು ಇದರಲ್ಲಿ ಜಾಸ್ತಿ ಫಲ ಕೊಟ್ಟಿತ್ತು. ಈ ಲೆಕ್ಕವನ್ನು ನಮ್ಮ ಭಾನುವಾರಕ್ಕೆ ಹಚ್ಚಿ ನೋಡಿ. ಆರಾಧನೆಯ ನಂತರ ಒಬ್ಬರ ಜೊತೆ 10 ನಿಮಿಷ ಮಾತಾಡಿದರೆ ವರ್ಷಕ್ಕೆ 9 ಗಂಟೆಯೂ ಆಗುವುದಿಲ್ಲ. 200 ಗಂಟೆ ತುಂಬಲು 20 ವರ್ಷ ದಾಟುತ್ತದೆ.

ಎಮ್ಮಾಹುವಿನ ಕಥೆಯನ್ನು ಈ ಕಣ್ಣಿನಿಂದ ಓದಬಹುದು. ಯೇಸು ಎದ್ದುಬಂದ ದಿನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಹೊರಟು ಸುಮಾರು 11 ಕಿಲೋಮೀಟರ್ ದೂರದ ಹಳ್ಳಿಗೆ ಹೋಗುತ್ತಿದ್ದಾರೆ. ಮೂರನೆಯವರೊಬ್ಬರು ಬಂದು ಸೇರಿಕೊಳ್ಳುತ್ತಾರೆ. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆ. ಎದ್ದು ಬಂದವನು ನಾನೇ ಎಂದು ಮೊದಲ ಮಾತಿನಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಅವರ ದುಃಖವನ್ನು ಪೂರ್ತಿ ಹೇಳಿಸಿಕೊಂಡರು. ಆಮೇಲೆ ಮೋಶೆಯಿಂದ ಹಿಡಿದು ಶಾಸ್ತ್ರವನ್ನೆಲ್ಲ ವಿವರಿಸಿದರು. ಹಳ್ಳಿ ತಲುಪಿದಾಗ ಆ ಇಬ್ಬರು, ಸಂಜೆಯಾಯಿತು, ನಮ್ಮಲ್ಲೇ ಇರಿ ಎಂದು ಬಲವಂತ ಮಾಡಿದರು. ಗುರುತು ಸಿಕ್ಕಿದ್ದು ರೊಟ್ಟಿ ಮುರಿದಾಗ. ಅಲ್ಲೇ ಬೀಳ್ಕೊಟ್ಟಿದ್ದರೆ ಯಾರು ಎಂದು ಗೊತ್ತಾಗುತ್ತಲೇ ಇರಲಿಲ್ಲ.

ಕೊರಿಂಥದ ಊಟ

ಮೊದಲ ಕ್ರೈಸ್ತ ಸಭೆಗಳು ಸೇರುತ್ತಿದ್ದದ್ದು ಮನೆಗಳಲ್ಲಿ. ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನ ನಿಜವಾದ ಊಟದ ಜೊತೆ ನಡೆಯುತ್ತಿತ್ತು. ಕೊರಿಂಥದಲ್ಲಿ ಇದು ಕೆಟ್ಟಿತು. ಉಳ್ಳವರು ತಮ್ಮ ಊಟವನ್ನು ಮೊದಲೇ ಮುಗಿಸುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಕೂರುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬರುತ್ತಿದ್ದ ಬಡವರೂ ಆಳುಗಳೂ ಇವರು ಎಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಇದಕ್ಕೆ ಪೌಲ ಕೊಟ್ಟ ಪರಿಹಾರ ಮೊದಲ ಕೊರಿಂಥ 11:33ರಲ್ಲಿದೆ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ.

ಎಷ್ಟು ಸರಳವಾದ ಮಾತು ನೋಡಿ. ಪ್ರೀತಿಯ ಬಗ್ಗೆ ಅಷ್ಟು ದೊಡ್ಡ ಅಧ್ಯಾಯ ಬರೆದ ಪೌಲ ಇಲ್ಲಿ ಕೇಳಿದ್ದು ಕಾಯುವುದನ್ನು. ಅವಸರದವರ ಊಟದಲ್ಲಿ ಮೊದಲು ಜಾಗ ಕಳೆದುಕೊಳ್ಳುವವರು ಬಡವರು ಎಂಬುದು ಅವನಿಗೆ ಕಂಡಿತ್ತು.

ಹಳೆಯ ಕಾಲದ ಗೆಳೆಯರು

ಉತ್ತರ ಆಫ್ರಿಕಾದ ಅಗಸ್ಟೀನ್ ಒಂಟಿಯಾಗಿ ಕೂತು ಬರೆದವರು ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಅವರು ಒಂಟಿಯಾಗಿ ಇದ್ದದ್ದೇ ಕಡಿಮೆ. 386ರಲ್ಲಿ ಮನಸ್ಸು ಕ್ರಿಸ್ತನ ಕಡೆ ತಿರುಗಿದ ಮೇಲೆ ತಾಯಿ ಮೋನಿಕಾ, ಮಗ, ಗೆಳೆಯ ಅಲಿಪಿಯಸ್ ಮತ್ತಿತರರ ಜೊತೆ ಮಿಲಾನಿನ ಹತ್ತಿರದ ಕಸಿಸಿಯಾಕುಮ್ ಎಂಬಲ್ಲಿ ಒಂದು ಹಳ್ಳಿ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಮಾತು, ಓದು, ಪ್ರಾರ್ಥನೆಯಲ್ಲಿ ದಿನ ಕಳೆಯುತ್ತಿತ್ತು. 387ರಲ್ಲಿ ದೀಕ್ಷಾಸ್ನಾನ ಪಡೆದರು. ತಾರುಣ್ಯದ ಗೆಳೆತನವನ್ನು ನೆನೆದು ಬರೆದಾಗ ಅವರು ಪಟ್ಟಿ ಮಾಡಿದ್ದೆಲ್ಲ ಚಿಕ್ಕ ಸಂಗತಿಗಳು: ಒಟ್ಟಿಗೆ ನಗುವುದು, ಒಟ್ಟಿಗೆ ಓದುವುದು, ದ್ವೇಷವಿಲ್ಲದೆ ಜಗಳವಾಡುವುದು, ಬಾರದವರಿಗಾಗಿ ಹಂಬಲಿಸುವುದು, ಬಂದಾಗ ಹಿಗ್ಗುವುದು. ಇದರ ಜೊತೆ ಅವರು ಒಂದು ಎಚ್ಚರಿಕೆಯನ್ನೂ ಇಡುತ್ತಾರೆ. ಒಬ್ಬ ಗೆಳೆಯ ಸತ್ತಾಗ ಅವರಿಗೆ ಬದುಕೇ ಬೇಡವಾಗಿತ್ತು. ಸಾಯುವ ಮನುಷ್ಯನನ್ನು ಸಾಯದವನಂತೆ ಪ್ರೀತಿಸಿದ್ದೆ ಎಂದುಕೊಂಡರು. ಗೆಳೆಯನನ್ನು ದೇವರಲ್ಲಿ ಪ್ರೀತಿಸಬೇಕು ಎಂಬುದು ಅವರು ಕಂಡುಕೊಂಡ ಉತ್ತರ.

ಇದನ್ನು ಇನ್ನೂ ಬೆಳೆಸಿದವರು ಏಲ್ರೆಡ್. ಇಂಗ್ಲೆಂಡಿನ ಯಾರ್ಕ್‌ಷೈರಿನ ರೀವೋ ಮಠಕ್ಕೆ 1147ರಿಂದ 1167ರವರೆಗೆ ಅಬಟ್, ಅಂದರೆ ಮುಖ್ಯಸ್ಥರಾಗಿದ್ದರು. ಮಠದ ಲೆಕ್ಕಪತ್ರ, ಜಮೀನು, ಜನರ ವ್ಯಾಜ್ಯ ಎಲ್ಲ ಅವರ ತಲೆಯ ಮೇಲಿತ್ತು. ಆದರೂ ಗೆಳೆತನದ ಬಗ್ಗೆ ಸಂಭಾಷಣೆಯ ರೂಪದಲ್ಲಿ ಬರೆದರು. ಅದು ಶುರುವಾಗುವುದೇ ಹೀಗೆ: ಇಲ್ಲಿ ನಾನಿದ್ದೇನೆ, ನೀನಿದ್ದೀಯ, ನಮ್ಮ ನಡುವೆ ಮೂರನೆಯವನಾಗಿ ಕ್ರಿಸ್ತ ಇದ್ದಾನೆಂದು ಆಶಿಸುತ್ತೇನೆ. ಗೆಳೆಯರ ಮಾತಿನಲ್ಲಿ ಕ್ರಿಸ್ತನ ಹೆಸರು ಬಂದರೂ ಬರದಿದ್ದರೂ ಆತ ಜೊತೆಯಲ್ಲಿ ಕೂತಿರುತ್ತಾನೆ ಎಂಬ ಈ ನಂಬಿಕೆ ಅವರ ಇಡೀ ವಿಚಾರದ ತಳಪಾಯ. ಗೆಳೆಯನನ್ನು ಮೊದಲು ಆರಿಸಬೇಕು, ಆಮೇಲೆ ಪರೀಕ್ಷಿಸಬೇಕು, ನಂತರ ಒಪ್ಪಿಕೊಳ್ಳಬೇಕು, ಕೊನೆಗೆ ಒಮ್ಮನಸ್ಸಾಗಬೇಕು ಎಂದು ನಾಲ್ಕು ಹಂತ ಹೇಳಿದರು. ಪರೀಕ್ಷಿಸಬೇಕು ಎಂಬ ಮಾತು ಇಂದಿನವರಿಗೆ ಒರಟಾಗಿ ಕೇಳಬಹುದು. ಗುಟ್ಟು ಉಳಿಸಿಕೊಳ್ಳುತ್ತಾನಾ, ಬೈದರೆ ತಾಳಿಕೊಳ್ಳುತ್ತಾನಾ, ಲಾಭಕ್ಕಾಗಿ ಬಂದಿದ್ದಾನಾ ಎಂದು ತಿಳಿಯಲು ಕಾಲ ಬೇಕು ಎಂಬುದೇ ಅದರ ಅರ್ಥ.

ಮೊದಲು ಕತ್ತರಿ ಬೀಳುವುದು ಗೆಳೆತನಕ್ಕೇ ಯಾಕೆ?

ಇದಕ್ಕೆ ಜರ್ಮನಿಯ ಪಾದ್ರಿ ಡೀಟ್ರಿಖ್ ಬೊನ್‌ಹೋಫರ್ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ನಾಜಿಗಳ ಸೆರೆಮನೆಯಿಂದ 1944ರ ಜನವರಿಯಲ್ಲಿ ಗೆಳೆಯ ಎಬರ್‌ಹಾರ್ಡ್ ಬೆಥ್ಗೆಗೂ ಅವರ ಹೆಂಡತಿಗೂ ಬರೆದ ಪತ್ರದಲ್ಲಿ ಅದು ಬರುತ್ತದೆ. ಮದುವೆ, ದುಡಿಮೆ, ರಾಜ್ಯ, ಸಭೆ ಇವಕ್ಕೆಲ್ಲ ಕಟ್ಟುಪಾಡು ಇದೆ. ಗೆಳೆತನಕ್ಕೆ ಅಂಥದ್ದು ಇಲ್ಲ, ಅದು ಸ್ವಾತಂತ್ರ್ಯದ ವಲಯಕ್ಕೆ ಸೇರಿದ್ದು ಎಂದು ಅವರು ಯೋಚಿಸಿದರು. ಆಫೀಸಿಗೆ ಹೋಗದಿದ್ದರೆ ಸಂಬಳ ಕಟ್, ಮನೆಗೆ ಬಾರದಿದ್ದರೆ ಕೇಳುವವರಿದ್ದಾರೆ. ಗೆಳೆಯನ ಮನೆಗೆ ಆರು ತಿಂಗಳು ಹೋಗದಿದ್ದರೆ ಯಾರೂ ನೋಟಿಸ್ ಕಳುಹಿಸುವುದಿಲ್ಲ. ಹಾಗಾಗಿ ಹೊತ್ತು ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ಅದೇ.

ಬೊನ್‌ಹೋಫರ್ ಇದನ್ನು ಬದುಕಿಯೂ ನೋಡಿದ್ದರು. 1935ರಿಂದ 1937ರಲ್ಲಿ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ಮುಚ್ಚಿಸುವವರೆಗೂ ಫಿಂಕನ್‌ವಾಲ್ಡೆಯಲ್ಲಿ ಪಾದ್ರಿಗಳಾಗಲಿರುವವರಿಗೆ ಪಾಠಶಾಲೆ ನಡೆಸಿದರು. ಪ್ರಾರ್ಥನೆ, ಧ್ಯಾನದ ಕಟ್ಟುನಿಟ್ಟು ಅಲ್ಲಿತ್ತು. ಅದರ ಜೊತೆಗೆ ಆಟ, ಸಂಗೀತಕ್ಕೂ ಜಾಗ ಇತ್ತು. ಎದುರಿಗಿಲ್ಲದವನ ಬಗ್ಗೆ ಮಾತಾಡಬಾರದು, ಆಡಿದರೆ ಅವನಿಗೇ ಹೋಗಿ ಹೇಳಬೇಕು ಎಂಬುದು ಅಲ್ಲಿನ ಒಂದು ನಿಯಮ.

‘ನಮಗೆ ಗೆಳೆಯರನ್ನು ಕೊಡಿ’

ಈ ವಿಷಯದಲ್ಲಿ ಭಾರತದ ಕ್ರೈಸ್ತರು ಮರೆಯಬಾರದ ಒಂದು ಸಂಜೆ ಇದೆ. 1910ರ ಜೂನ್, ಎಡಿನ್‌ಬರೋ ನಗರ. ಜಾಗತಿಕ ಮಿಷನರಿ ಸಮ್ಮೇಳನಕ್ಕೆ ಸುಮಾರು 1,200 ಪ್ರತಿನಿಧಿಗಳು ಬಂದಿದ್ದರು. ಏಷ್ಯಾದವರು ಕೆಲವೇ ಮಂದಿ. ಅವರಲ್ಲೊಬ್ಬರು ತಮಿಳುನಾಡಿನಲ್ಲಿ ಹುಟ್ಟಿ ತೆಲುಗು ಸೀಮೆಯಲ್ಲಿ ಸೇವೆ ಮಾಡುತ್ತಿದ್ದ ವಿ.ಎಸ್. ಅಜರಯ್ಯ. ವಿದೇಶಿ ಮಿಷನರಿಗಳೂ ಭಾರತೀಯ ಸೇವಕರೂ ಜೊತೆಗೆ ದುಡಿಯುತ್ತಾರೆ, ಆದರೆ ಗೆಳೆಯರಂತೆ ಬೆರೆಯುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಕೊನೆಯಲ್ಲಿ ಆಡಿದ ಮಾತಿನ ತಾತ್ಪರ್ಯ ಇದು: ನೀವು ಬಡವರಿಗೆ ಅನ್ನ ಹಾಕಲು ನಿಮ್ಮ ಸೊತ್ತು ಕೊಟ್ಟಿರಿ, ಸುಡಲು ನಿಮ್ಮ ದೇಹವನ್ನೇ ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ. ನಮಗೆ ಗೆಳೆಯರನ್ನು ಕೊಡಿ.

ಸಭಿಕರಲ್ಲಿ ಹಲವರಿಗೆ ಅದು ನೋವು ತಂದಿತು. ಇವತ್ತು ಓದಿದರೂ ಚುರುಕ್ ಎನ್ನುತ್ತದೆ. ಶಾಲೆ, ಆಸ್ಪತ್ರೆ, ಹಣ ಎಲ್ಲ ಕೊಟ್ಟವರಲ್ಲೂ ಸರಿಸಮನಾಗಿ ಕೂತು ಹೊತ್ತು ಕಳೆಯುವುದು ಉಳಿದುಹೋಗಿತ್ತು. ಸಹಾಯ ಮಾಡುವವನು ಮೇಲೆ ನಿಂತೇ ಮಾಡಬಹುದು. ಗೆಳೆಯನಾಗಲು ಕೆಳಗೆ ಕೂರಬೇಕು. ಅಜರಯ್ಯ 1912ರ ಡಿಸೆಂಬರಿನಲ್ಲಿ ದೋರ್ಣಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರೇ. ದಕ್ಷಿಣದ ಸಭೆಗಳು ಒಂದಾಗಬೇಕೆಂದು ಅವರು ದಶಕಗಳ ಕಾಲ ದುಡಿದರು. 1945ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಕರ್ನಾಟಕದ ಮೂರು ಸಿ.ಎಸ್.ಐ. ಧರ್ಮಪ್ರಾಂತ್ಯಗಳು ಇರುವುದು ಅದೇ ಸಭೆಯಲ್ಲಿ.

ನಮ್ಮ ಸಭೆಗಳೊಳಗೆ ಈ ಪ್ರಶ್ನೆಯ ಜಾಗ ಬದಲಾಗಿದೆ, ಅಷ್ಟೇ. ಜಾತಿ, ಸಂಬಳ, ಭಾಷೆ, ಏರಿಯಾ ಬೇರೆ ಇರುವವರು ಒಂದೇ ಪಾತ್ರೆಯಿಂದ ಪ್ರಭು ಭೋಜನ ತೆಗೆದುಕೊಳ್ಳುತ್ತಾರೆ. ಒಬ್ಬರ ಮನೆಯ ಊಟದ ತಟ್ಟೆಯನ್ನು ಇನ್ನೊಬ್ಬರು ಕಂಡಿರುವುದಿಲ್ಲ.

ಹಾಗಾದರೆ ಅಡುಗೆ ಮಾಡುವವರು ಯಾರು?

ಬಿಡುವಿನ ಹೊತ್ತಿನ ಬಗ್ಗೆ ಮಾತಾಡುವಾಗ ಇದನ್ನು ಕೇಳದೆ ಮುಂದೆ ಹೋಗಬಾರದು. ಮನೆಯ ಹಾಲ್‌ನಲ್ಲಿ ನಾಲ್ವರು ನಿಧಾನವಾಗಿ ಹರಟುತ್ತಿರುತ್ತಾರೆ. ಅಡುಗೆಮನೆಯಲ್ಲಿ ಒಬ್ಬಳು ಸಾರು ಕುದಿಸುತ್ತಾ, ಲೋಟ ತೊಳೆಯುತ್ತಾ, ಎರಡನೇ ಸಲ ಕಾಫಿ ಇಡುತ್ತಿರುತ್ತಾಳೆ. ಒಳಗಿನವಳ ಅವಸರದಿಂದ ಹೊರಗಿನವರ ಬಿಡುವು ಹುಟ್ಟುತ್ತಿದೆ.

ಲೂಕ 10ರಲ್ಲಿ ಮಾರ್ಥಳ ಸಿಟ್ಟು ಇದೇ. ನಾನೊಬ್ಬಳೇ ಮಾಡಬೇಕಾ ಎಂದು ನೇರವಾಗಿ ಯೇಸುವನ್ನೇ ಕೇಳುತ್ತಾಳೆ. ಅವರು ಅಡುಗೆಯನ್ನು ಹೀಗಳೆಯುವುದಿಲ್ಲ. ಮಾರ್ಥಳೇ, ಮಾರ್ಥಳೇ ಎಂದು ಎರಡು ಸಲ ಹೆಸರು ಹಿಡಿದು ಕರೆದು, ನೀನು ಅನೇಕ ವಿಷಯಗಳ ಚಿಂತೆಯಲ್ಲಿದ್ದೀಯ, ಬೇಕಾದದ್ದು ಒಂದೇ ಎನ್ನುತ್ತಾರೆ. ಮರಿಯಳು ಕಾಲ ಬಳಿ ಕೂತಿದ್ದಾಳೆ. ಅದು ಶಿಷ್ಯರು ಕೂರುವ ಜಾಗ. ಹೆಂಗಸಿಗೆ ಆ ಜಾಗ ಸಲ್ಲದು ಎಂದು ಯಾರಾದರೂ ಅಂದುಕೊಂಡಿದ್ದರೆ ಆ ಮಾತಿಗೆ ಅಲ್ಲಿ ಉತ್ತರ ಸಿಕ್ಕಿತು. ನಮ್ಮ ಮನೆಗಳಿಗೆ ಇದರಿಂದ ಬರುವ ಪಾಠ ಬಹಳ ನೇರವಾದದ್ದು. ಗೆಳೆಯರು ಬರುವ ದಿನ ಮೊಸರನ್ನ, ಉಪ್ಪಿನಕಾಯಿ ಸಾಕು. ಗಂಡಸರು ತಟ್ಟೆ ತೊಳೆಯಲಿ. ಮನೆಯವಳೂ ಬಂದು ಕೂರಲಿ, ಅವಳ ಗೆಳತಿಯರೂ ಬರಲಿ.

ತಪ್ಪುವ ದಾರಿಗಳು

ಬಿಡುವಿನ ಮಾತು ಚಾಡಿಯಾಗುವುದು ಬೇಗ. ಫಿಂಕನ್‌ವಾಲ್ಡೆಯ ನಿಯಮ ಅದಕ್ಕೆ ಇಂದಿಗೂ ಒಳ್ಳೆಯ ಮದ್ದು.

ಇನ್ನೊಂದು ತೊಂದರೆ ಗುಂಪು ಕಟ್ಟಿಕೊಳ್ಳುವುದು. ಮಠಗಳಲ್ಲಿ ಇಬ್ಬಿಬ್ಬರೇ ಅಂಟಿಕೊಂಡು ಉಳಿದವರನ್ನು ದೂರ ಇಡುವ ಗೆಳೆತನದ ಬಗ್ಗೆ ಭಯ ಇತ್ತು. 16ನೇ ಶತಮಾನದ ಸ್ಪೇನಿನ ಅವಿಲಾದ ತೆರೇಸಾ ತಮ್ಮ ಸನ್ಯಾಸಿನಿಯರಿಗೆ ಈ ಬಗ್ಗೆ ಗಟ್ಟಿಯಾಗಿ ಎಚ್ಚರಿಸಿದ್ದಾರೆ. ಪ್ರಾರ್ಥನೆಯ ದಾರಿಯಲ್ಲಿ ಹೊಸದಾಗಿ ಕಾಲಿಟ್ಟವರಿಗೆ ಅದೇ ದಾರಿಯ ಗೆಳೆಯರನ್ನು ಹುಡುಕಿಕೊಳ್ಳಿ ಎಂದು ಬುದ್ಧಿ ಹೇಳಿದವರೂ ಅವರೇ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಒಂದು ಕುರ್ಚಿ ಯಾವಾಗಲೂ ಖಾಲಿ ಇರುವ ಗೆಳೆತನ ಆರೋಗ್ಯವಾಗಿರುತ್ತದೆ.

ಒಬ್ಬರೇ ಇರುವ ಹೊತ್ತೂ ಬೇಕು. ಯೇಸು ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಎಂದು ಮಾರ್ಕ 1:35 ಹೇಳುತ್ತದೆ. ಗೆಳೆಯರ ಮಾತು ಪ್ರಾರ್ಥನೆಯ ಬದಲಿಗೆ ಬರುವುದಿಲ್ಲ, ಪ್ರಾರ್ಥನೆಗೆ ಹೇಳಬೇಕಾದದ್ದನ್ನು ಎಷ್ಟೋ ಸಲ ಅದು ಹುಡುಕಿಕೊಡುತ್ತದೆ.

ಇರುವ ಬದುಕಿನಲ್ಲಿ ಹೇಗೆ?

ಬೆಂಗಳೂರಿನ ಟ್ರಾಫಿಕ್, ಆಸ್ಪತ್ರೆಯ ಶಿಫ್ಟ್, ಮಕ್ಕಳ ಟ್ಯೂಷನ್ ಎಲ್ಲ ನಿಜ. ಬಿಡುವು ತಾನಾಗಿ ಬರುವುದಿಲ್ಲ. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ಅದೇ ಇಬ್ಬರು ಮೂವರ ಜೊತೆ ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯ ಆರಂಭ. ಪ್ರತಿಸಲ ಹೊಸಬರಾದರೆ ಮಾತು ಪರಿಚಯದಲ್ಲೇ ಮುಗಿಯುತ್ತದೆ. ಕುವೈತ್, ಕತಾರ್‌ನಂಥ ಕಡೆ ಶುಕ್ರವಾರ ರಜೆ, ಅಂದೇ ಆರಾಧನೆ. ಕುಟುಂಬ ಊರಿನಲ್ಲಿ ಬಿಟ್ಟು ಬಂದವರಿಗೆ ಆ ಮಧ್ಯಾಹ್ನ ರೂಮಿನಲ್ಲಿ ಒಬ್ಬರೇ ಉಳಿಯುವುದು ಬಹಳ ಕಷ್ಟ. ಊಟಕ್ಕೆ ಕರೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ದೂರದವರಿಗೆ ಫೋನ್ ಇದೆ. ಆದರೆ ಯೋಹಾನನ ಎರಡನೆಯ ಪತ್ರದ ಕೊನೆಯಲ್ಲಿ, ಬರೆಯಬೇಕಾದದ್ದು ಬಹಳ ಇದೆ, ಕಾಗದ ಮಸಿಯಿಂದ ಬರೆಯಲು ಮನಸ್ಸಿಲ್ಲ, ಬಂದು ಮುಖಾಮುಖಿ ಮಾತಾಡುತ್ತೇನೆ ಎಂಬ ಸಾಲಿದೆ. ಸೆರೆಯಲ್ಲಿದ್ದ ಪೌಲ ತಿಮೊಥೆಗೆ ಬೇಗ ಬಾ, ಚಳಿಗಾಲಕ್ಕೆ ಮೊದಲು ಬರಲು ಪ್ರಯತ್ನ ಮಾಡು ಎಂದು ಬರೆಯುತ್ತಾನೆ. ಚಳಿಗಾಲದಲ್ಲಿ ಆಗ ಸಮುದ್ರ ಪ್ರಯಾಣ ನಿಂತುಹೋಗುತ್ತಿತ್ತು. ತ್ರೋವ ಎಂಬ ಊರಿನಲ್ಲಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಎನ್ನುತ್ತಾನೆ. ಸಭೆಗಳಿಗೆ ಅಷ್ಟೊಂದು ಪತ್ರ ಬರೆದವನಿಗೂ ಪತ್ರ ಸಾಕಾಗಿರಲಿಲ್ಲ.

ಚರ್ಚಿಗೆ ಬರಲಾಗದ ಹಿರಿಯರ ಮನೆಗೆ ಅಯ್ಯನವರು, ಅಂದರೆ ಪಾದ್ರಿ, ಪ್ರಭು ಭೋಜನ ತೆಗೆದುಕೊಂಡು ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ಅದು ಮುಗಿಯುತ್ತದೆ. ಜೊತೆಗೆ ಹೋದ ಸಭೆಯವರು ಅಲ್ಲಿಂದ ಕೂಡಲೇ ಏಳಬೇಕಾಗಿಲ್ಲ. ಅಜ್ಜಿ ಹಳೆಯ ಆಲ್ಬಮ್ ತರಲು ಒಳಗೆ ಹೋಗಿದ್ದರೆ ಅದನ್ನು ಕೊನೆಯ ಪುಟದವರೆಗೂ ನೋಡಿಯೇ ಹೊರಡಬಹುದು.